ಗಾಡಿ ಅಕ್ಕನ ಹೆಸರಲ್ಲಿತ್ತು

ಗಡಿ ದಾಟುವ ಕಾರಿಗೆ ಬೇರೆಯೇ ವಿಮೆ ಬೇಕು ಎಂಬುದು ತಮ್ಮನಿಗೆ ಗೊತ್ತಾದದ್ದು ಹೊರಡಲು ಎರಡೇ ದಿನ ಇರುವಾಗ. ಆಗಲೂ, ಆ ಕಾರು ಅಕ್ಕನ ಹೆಸರಿನಲ್ಲಿದೆ ಎಂಬುದು ಮಹಾಶಯನಿಗೆ ನೆನಪಾಗಲಿಲ್ಲ. ಅಕ್ಕ ಕೊಂಡದ್ದಾದರೂ, ಎಂಟು ವರ್ಷ ಸ್ಟೇರಿಂಗ್ ಹಿಡಿದವನಿಗೆ ಅದು ತನ್ನದೇ ಅನ್ನಿಸಿಬಿಟ್ಟಿತ್ತು. ವಿಮೆ ಕಚೇರಿಯವಳು ಫೋನಿನಲ್ಲಿ "ಮಾಲೀಕರು ಖುದ್ದಾಗಿ ಬರಬೇಕು" ಎಂದಾಗ ಬೇರೆ ದಾರಿಯೇ ಇಲ್ಲವೇ ಎಂದು ಎರಡೆರಡು ಸಲ ಕೇಳಿದ.

ಕಾರಣವಿತ್ತು. ಅಕ್ಕನಿಗೆ ಹತ್ತು ದಿನದ ಪ್ರವಾಸ ಎಂದು ಹೇಳಿದ್ದ. ನಿಜವೆಂದರೆ, ಗಡಿಯಾಚೆ ಇರುವ ತಂಗಿಯ ಮನೆಯಲ್ಲಿ ಅಕ್ಕನನ್ನು ಬಿಟ್ಟು ಬರುವುದೆಂದು ಅವನೂ ಹೆಂಡತಿಯೂ ತಂಗಿಯೂ ಮಾತಾಡಿ ಮುಗಿಸಿದ್ದರು. ಮಗಳಿಗೆ ಓದಲು ಕೋಣೆ ಬೇಕಿತ್ತು. ಮನೆಯಲ್ಲಿದ್ದ ಎರಡರಲ್ಲಿ ಒಂದು ಅಕ್ಕನದು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನೂ ತಂಗಿಯನ್ನೂ ಸಾಕಿ, ಓದಿಸಿ, ತನ್ನ ಮದುವೆಯ ಮಾತೇ ಎತ್ತದೆ ಉಳಿದವಳಿಗೆ ಇದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅಲ್ಲಿಗೆ ಹೋದ ಮೇಲೆ ತಂಗಿಯೇ ಹೇಳಲಿ ಎಂದು ಜಾರಿಕೊಂಡಿದ್ದ, ಹೇಡಿ.

ಅಕ್ಕ ಪ್ರವಾಸಕ್ಕೆಂದು ಕೊಂಡ ಹೊಸ ಚಪ್ಪಲಿ ಮೆಟ್ಟಿಕೊಂಡೇ ಬಂದಿದ್ದಳು. ಕಚೇರಿಯ ಕಬ್ಬಿಣದ ಕುರ್ಚಿಯಲ್ಲಿ ಕೂತು, ಹೊರಡುವ ಖುಷಿಯಲ್ಲಿ ಕಾಲು ಆಡಿಸುತ್ತಿದ್ದಳು.

"ಹೋಗುವಾಗ ಎಷ್ಟು ಜನ?" ಕಚೇರಿಯವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು.

"ನಾಲ್ಕು. ನಾವು ಮೂರು ಜನ, ಮತ್ತೆ ಅಕ್ಕ."

"ಬರುವಾಗ?"

"ಅಷ್ಟೇ... ಅನ್ಸುತ್ತೆ," ಎಂದ ತಮ್ಮ.

"ಸರಿಯಾಗಿ ಹೇಳಿ ಸರ್. ಗಾಡಿ ಇವರ ಹೆಸರಲ್ಲಿದೆ. ವಾಪಸ್ ಬರೋವಾಗ ಇವರು ಒಳಗಿರದಿದ್ರೆ ಗಡೀಲಿ ಗಾಡಿ ಹಿಡಿದಿಟ್ಕೋತಾರೆ, ವಿಮೆನೂ ನಡೆಯಲ್ಲ. ಹಾಗಾದ್ರೆ ಇವರ ಒಪ್ಪಿಗೆ ಪತ್ರ ಬೇಕು."

ನಾಲ್ವರೂ ಬರುತ್ತೇವೆ, ಪತ್ರ ಬೇಡ ಎಂದುಬಿಡೋಣ ಅನ್ನಿಸಿತು ತಮ್ಮನಿಗೆ. ಮರುಕ್ಷಣವೇ, ಅಳತೆ ಪಟ್ಟಿ ಹಿಡಿದು ಅಕ್ಕನ ಕೋಣೆಯ ಗೋಡೆ ಅಳೆಯುತ್ತಿದ್ದ ಹೆಂಡತಿ ನೆನಪಾದಳು.

"ಯಾವುದಕ್ಕೂ ಇರಲಿ, ಪತ್ರಾನೂ ಕೊಟ್ಬಿಡಿ," ಎಂದ. "ಅಕ್ಕ, ಇಲ್ಲೊಂದು ಸಹಿ ಹಾಕು. ಸುಮ್ನೆ ಒಂದು ಫಾರ್ಮು."

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಓದದೆ ಸಹಿ ಹಾಕುವವಳೇ? ಅಕ್ಕ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. 'ವಾಪಸ್ ಪ್ರಯಾಣದಲ್ಲಿ ಮಾಲೀಕರು ವಾಹನದಲ್ಲಿ ಇರುವುದಿಲ್ಲ' ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಆಡುತ್ತಿದ್ದ ಕಾಲೂ ನಿಂತಿತು.

"ನಾನು ಎಲ್ಲಿರ್ತೀನೋ?"

ತಮ್ಮ ಮೇಜಿನ ಮೇಲಿದ್ದ ಸ್ಟೇಪ್ಲರ್ ನೋಡುತ್ತ ಕೂತ. ಕಚೇರಿಯವಳಿಗೆ ಅರ್ಥವಾಯಿತೇನೋ, ಇಲ್ಲದ ಕಾಗದ ಹುಡುಕಲು ಎದ್ದು ಒಳಗೆ ಹೋದಳು.

"ಚಿಕ್ಕವಳಿಗೂ ಗೊತ್ತಾ?"

ಹೌದೆಂದು ತಲೆಯಾಡಿಸಿದ. ತಂಗಿಗೂ ಗೊತ್ತು ಎಂಬುದಕ್ಕೇ ಅಕ್ಕನಿಗೆ ಹೆಚ್ಚು ನೋವಾದದ್ದು. ಅದು ಅವಳ ಮುಖದಲ್ಲೇ ಕಂಡಿತು. ಆದರೂ ಮತ್ತೇನೂ ಕೇಳದೆ, ಪತ್ರವನ್ನು ಕೊನೆಯವರೆಗೂ ಓದಿ ಸಹಿ ಹಾಕಿದಳು. ಅವನನ್ನು ಶಾಲೆಗೆ ಸೇರಿಸಿದ ದಿನ ಪೋಷಕರ ಜಾಗದಲ್ಲಿ ಹಾಕಿದ್ದ ಅದೇ ದುಂಡನೆಯ ಸಹಿ.

ಕಚೇರಿಯಿಂದ ಮನೆಗೆ ವಾಪಸಾಗುವಾಗ ಅವಳು ಎಂದಿನಂತೆ ಮುಂದೆ ಕೂರದೆ ಹಿಂದೆ ಕೂತಳು. ತಮ್ಮನಿಗೆ ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮನೆಯ ಬೀದಿಗೆ ತಿರುಗುವಾಗ ಅವಳೇ ಮಾತಾಡಿದಳು.

"ಪಕ್ಕದ ಮನೆ ಹತ್ರ ಒಂದ್ನಿಮಿಷ ನಿಲ್ಸು. ಹತ್ತು ದಿನ ನನ್ನ ಗಿಡಗಳಿಗೆ ನೀರು ಹಾಕಿ ಅಂತ ಹೇಳಿದ್ದೆ. ಕುಂಡಗಳನ್ನ ಅವರೇ ಇಟ್ಕೊಳ್ಳಲಿ ಅಂತ ಹೇಳಿ ಬರ್ತೀನಿ."