ಕೊನೆಯ ಹತ್ತು ನಿಮಿಷ

೧
ಎಲ್ಲಿಂದ ಶುರು ಮಾಡಲಿ? ಚಂದ್ರವ್ವನನ್ನು ಕೇಳಿದರೆ, "ನನಗೇನ ಗೊತ್ತವಾ, ನಾ ನೋಡಿದ್ದೆಲ್ಲಾ ಕಡೀದು" ಅನ್ನುತ್ತಾಳೆ. ಸುಳ್ಳಲ್ಲ. ಲಂಡನ್ನಿನ ಹ್ಯಾರೋ ಕಡೆಯ ಹಳೆಯ ಥಿಯೇಟರಿನಲ್ಲಿ ಅವಳು ಕ್ಲೀನರ್. ಶೋ ಮುಗಿಯಲು ಹತ್ತು ನಿಮಿಷ ಇರುವಾಗ ಕಸದ ಚೀಲ ಹಿಡಿದು ಒಳಗೆ ಬಂದು ಗೋಡೆಗೆ ಒರಗಿ ನಿಲ್ಲಬೇಕು, ದೀಪ ಹತ್ತಿದ ಕೂಡಲೇ ಗುಡಿಸಬೇಕು. ಹೀಗಾಗಿ ಅವಳು ನೋಡಿದ ಸಿನಿಮಾಗಳಿಗೆಲ್ಲ ಬರೀ ಬಾಲ, ತಲೆಯಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ಮಂಜು, ಕೆಂಪು ಬಸ್ಸು ಎಲ್ಲ ಇದ್ದವು. ಹರಿದು ಹಾಕಿದೆ. ಲಂಡನ್ ತೋರಿಸಲು ನಾನೇನು ಗೈಡಲ್ಲ.)

೨
೧೯೯೬ರಲ್ಲಿ ಒಂದು ಡಚ್ ಸಿನಿಮಾ ಬಂತು. ಗಂಡ ಸತ್ತ ಹೆಂಗಸು, ಅವಳ ಅರ್ಧ ವಯಸ್ಸಿನ ದೋಣಿಯವನು, ಇಬ್ಬರ ಪ್ರೀತಿ. ಪೇಪರಿನವರು ಶಾಕಿಂಗ್ ಅಂದರು, ಹೌಸ್‌ಫುಲ್ ಆಯಿತು. ಚಂದ್ರವ್ವ ಕಂಡದ್ದು ಇಷ್ಟೇ: ಹೆಂಗಸು ಮೈಮೇಲೆ ನೂಲೆಳೆ ಇಲ್ಲದೆ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಾಳೆ. ಬಾಗಿಲು ತೆರೆದಿದೆ. ದೋಣಿಯವನಿಲ್ಲ. ವಾರವಿಡೀ ಅದನ್ನೇ ನೋಡಿ ತೀರ್ಪು ಕೊಟ್ಟಳು: ನಾಚಿಕೆಗೆಟ್ಟವಳು, ಅದಕ್ಕೇ ಅವನು ಬಿಟ್ಟು ಹೋದ.

ಅದೇ ವಾರ ಮಗಳು ಸುವರ್ಣಾ, ಸ್ಟ್ಯಾನ್ಮೋರಿನ ಡಾಕ್ಟರ್ ಗಂಡನ ಮನೆಯಿಂದ ಸೂಟ್‌ಕೇಸ್ ಹಿಡಿದು ರೇನರ್ಸ್ ಲೇನಿಗೆ, ತಾಯಿಯ ಫ್ಲ್ಯಾಟಿನ ಬಾಗಿಲಿಗೆ ಬಂದು ನಿಂತಳು.

"ಅವ್ವಾ, ಇನ್ನ ನನ್ನ ಕಡಿಂದ ಆಗೂದಿಲ್ಲ."

ಚಂದ್ರವ್ವ ಸೂಟ್‌ಕೇಸನ್ನಷ್ಟೇ ನೋಡಿದಳು. ವಾಪಸ್ ಹೋಗು ಅಂದಳು. ಸುವರ್ಣಾ ಹೋದಳು, ಗಂಡನ ಮನೆಗಲ್ಲ, ಗ್ರೀನ್‌ಫರ್ಡಿನ ಬಾಡಿಗೆ ಕೋಣೆಗೆ. ಎಂಟು ವರ್ಷ ಮಾತಿಲ್ಲ.

(ಚಂದ್ರವ್ವ ಇಲ್ಲಿ ಜಗಳಕ್ಕೆ ಬರುತ್ತಾಳೆ: "ಒಂದು ಕಪ್ ಚಾ ಕೊಟ್ಟೆ ಅಂತಾದ್ರೂ ಬರಿಯವಾ." ಕೊಟ್ಟಿರಲಿಲ್ಲ, ಓದುಗರೇ.)

೩
೨೦೦೪. ಆ ಡಚ್ ಸಿನಿಮಾದ ಡೈರೆಕ್ಟರ್ ಯೋಪ್ ಬಾಲ್ಕೆಮಾನೇ ಥಿಯೇಟರಿಗೆ ಬಂದ. ಆಮೇಲೆ ಅವನು ಮಾಡಿದ ಮೂರು ಸಿನಿಮಾ ಮಲಗಿದ್ದವು, ಈಗ ಸೋಪಿನ ಜಾಹೀರಾತು ಮಾಡುತ್ತಿದ್ದ. ಅದೇ ಸಿನಿಮಾ ಮತ್ತೆ ಹಾಕಿದ್ದರು, ಮಧ್ಯಾಹ್ನದ ಶೋಗೆ ಹನ್ನೊಂದು ಜನ. ಅವರು ಹೋದ ಮೇಲೂ ಮುದುಕ ಮುಂದಿನ ಸಾಲಿನಲ್ಲೇ ಕೂತಿದ್ದ. ಕಾಲೆತ್ತಿ ಎಂದು ಅವನ ಕುರ್ಚಿಯಡಿ ಗುಡಿಸುತ್ತ, ತನ್ನ ನೈಟ್ ಕ್ಲಾಸಿನ ಇಂಗ್ಲಿಷಿನಲ್ಲಿ ಚಂದ್ರವ್ವ ಕೇಳಿಯೇಬಿಟ್ಟಳು: ದೋಣಿಯವನು ಆಕೆಯನ್ನು ಯಾಕೆ ಬಿಟ್ಟು ಹೋದ?

"ಬಿಟ್ಟು ಹೋಗಿಲ್ಲಮ್ಮ. ಆಲೂಗಡ್ಡೆ ಇಬ್ಬರಿಗಾಗುವಷ್ಟಿವೆ."

ಮೊದಲ ದೃಶ್ಯದಲ್ಲಿ, ಆಗಿನ್ನೂ ಬದುಕಿದ್ದ ಗಂಡ ಆಕೆಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಾನಂತೆ. ಆ ಬಾಗಿಲು ತೆರೆಯಲಿಕ್ಕೇ ಇಡೀ ಸಿನಿಮಾ. ಜನಕ್ಕೆ ಬೆತ್ತಲೆ ಮೈ ಕಂಡಿತು, ಬೀಗ ಕಾಣಲಿಲ್ಲ. ಆಮೇಲೆ ತಾನೂ ಅವರು ಕೇಳಿದ್ದನ್ನೇ ಕೊಡುತ್ತ ಹೋದೆ ಎಂದ.

ಚಂದ್ರವ್ವನಿಗೆ ಬೇರೊಂದು ಬಾಗಿಲು ನೆನಪಾಯಿತು. ಒಮ್ಮೆ ಸ್ಟ್ಯಾನ್ಮೋರಿಗೆ ಹೋಳಿಗೆ ಒಯ್ದಾಗ ಸುವರ್ಣಾ ಬಾಗಿಲ ಟಪಾಲು ಕಿಂಡಿಯಿಂದ ಮಾತಾಡಿದ್ದಳು. ಕೀ ಅವರ ಹತ್ತಿರ ಇದೆ, ಸಂಜೆ ಬಾ ಅಂದಿದ್ದಳು. ಅಳಿಯ ಎಷ್ಟು ಜೋಪಾನ ಅಂದುಕೊಂಡು ತಾಯಿ ವಾಪಸ್ ಟ್ಯೂಬ್ ರೈಲು ಹತ್ತಿದ್ದಳು.

೪
ಮುಕ್ತಾಯ ಒಂದು: ಗ್ರೀನ್‌ಫರ್ಡಿನಲ್ಲಿ ತಾಯಿ ಮಗಳು ತಬ್ಬಿಕೊಂಡು ಅಳುತ್ತಾರೆ. (ಚಂದ್ರವ್ವ: "ಇದನ್ನ ಟೀವ್ಯಾಗ ಹಾಕ್ಸು.")

ಮುಕ್ತಾಯ ಎರಡು: ಸುವರ್ಣಾ ಬಾಗಿಲು ತೆರೆದು, ವಾಪಸ್ ಹೋಗು ಅನ್ನುತ್ತಾಳೆ. (ಇದಕ್ಕೆ ಚಂದ್ರವ್ವ ಏನೂ ಅನ್ನಲಿಲ್ಲ. ಅದಕ್ಕೇ ಇದನ್ನು ಹೊಡೆದು ಹಾಕಲು ನನಗೆ ಕೈ ಬರುತ್ತಿಲ್ಲ.)

ಮೂರನೆಯದನ್ನು ನಾನು ಬರೆಯುವುದಿಲ್ಲ. ಇಷ್ಟು ಮಾತ್ರ ಗೊತ್ತು: ಬಾಗಿಲು ತೆರೆಯಿತು. ಮಗಳು ಒಳಗೆ ಬಾ ಅನ್ನಲಿಲ್ಲ. ಹನ್ನೆರಡು ವರ್ಷ ಥಿಯೇಟರಿನ ಗೋಡೆಗೊರಗಿ ನಿಂತೇ ನೋಡಿದವಳು ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು.

"ಮೊದಲಿಂದ ಹೇಳವಾ. ನಾ ಕುಂತೇನಿ."

ಬಾಗಿಲು ಇನ್ನೂ ಹಾಕಿಲ್ಲ.