ಸಿಪಾಯಿ ಕದರಪ್ಪ ಉರುಫ್ ಲಕ್ಷ್ಮೀನರಸಪ್ಪ

ತಂತಿ ಬಂದ ದಿನ ಲಕ್ಷ್ಮೀನರಸಪ್ಪ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಟಪಾಲಿನವನು ಮಡಕಶಿರಾದಿಂದ ರೊಳ್ಳದ ದಾರಿ ಹಿಡಿದು, ಅಲ್ಲಿಂದ ಹೊಲದ ಬದುಗಳ ಮೇಲೆ ನಡೆದು ಊರು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ತಂತಿ ಇಂಗ್ಲಿಷಿನಲ್ಲಿತ್ತು. ಊರಿನಲ್ಲಿ ಅದನ್ನು ಓದಬಲ್ಲವನು ಹೊಲ ಕಂದಾಯದ ಲೆಕ್ಕ ಬರೆಯುವ ಕರಣಂ ಒಬ್ಬನೇ. ಅವನು ಜಗಲಿಯ ಮೇಲೆ ಕುಳಿತು ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಎದುರಿಗೆ ನಿಂತಿದ್ದ ಲಕ್ಷ್ಮೀನರಸಪ್ಪನ ಮುಖ ನೋಡಿದ.

"ಸಿಪಾಯಿ ಲಕ್ಷ್ಮೀನರಸಪ್ಪ ಸತ್ತೋದ ಅಂತ ಬರ್ದವ್ರೆ" ಎಂದ.

ಜಗಲಿಯ ಮೇಲಿದ್ದ ಇಬ್ಬರು ನಕ್ಕರು. ಲಕ್ಷ್ಮೀನರಸಪ್ಪ ನಗಲಿಲ್ಲ. ಎರಡು ವರ್ಷದ ಹಿಂದೆ ತನ್ನ ಹೆಸರಿನ ಕಾಗದ ಹಿಡಿದು ದಂಡಿಗೆ ಹೋದವನು ತಮ್ಮ ಕದರಪ್ಪ ಎಂಬುದು ಅವನಿಗೆ ಗೊತ್ತಿತ್ತು. ನಕ್ಕವರಿಗೂ ಗೊತ್ತಿತ್ತು, ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ. ಅವನು ಕರಣಂ ಮನೆಯ ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಆಮೇಲೆ ಎದ್ದು, ತಮ್ಮನ ಹೆಂಡತಿಗೆ ಹೇಳುವುದಕ್ಕೆ ಮನೆಗೆ ಹೋದ.

ಈ ಸುದ್ದಿ ಮಡಕಶಿರಾದಲ್ಲಿದ್ದ ದೊಡ್ಡಬೀರಪ್ಪನಿಗೆ ಮುಟ್ಟಿದ್ದು ಮೂರನೆಯ ದಿನ, ಸಂತೆಯಲ್ಲಿ. ದೊಡ್ಡಬೀರಪ್ಪ ಹಳೆಯ ಹವಾಲ್ದಾರ. ಹಿಂದಿನ ಯುದ್ಧದಲ್ಲಿ ಬಸ್ರಾದವರೆಗೂ ಹೋಗಿ ಬಂದವನು. ಈ ಯುದ್ಧ ಶುರುವಾದ ಮೇಲೆ ತಾಲ್ಲೂಕಿನಲ್ಲಿ ದಂಡಿಗೆ ಆಳು ಸೇರಿಸುವ ಕೆಲಸಕ್ಕೆ ನಿಂತಿದ್ದ. ಕದರಪ್ಪನನ್ನು ಅಣ್ಣನ ಹೆಸರಿನಲ್ಲಿ ಕಳಿಸಿದವನು ಅವನೇ.

ಅದು ನಡೆದದ್ದು ಸರಳವಾಗಿಯೇ. ಹನ್ನೆರಡು ಆಳು ತರುತ್ತೇನೆಂದು ತಾಸೀಲ್ದಾರರ ಮುಂದೆ ದೊಡ್ಡಬೀರಪ್ಪ ಮಾತು ಕೊಟ್ಟಿದ್ದ. ಹನ್ನೆರಡು ಜನರ ಎದೆ ಅಳೆದು, ಡಾಕ್ಟರು ಚೀಟಿ ಬರೆದು ಎಲ್ಲ ಮುಗಿದಿತ್ತು. ಹೊರಡುವ ಬೆಳಿಗ್ಗೆ ಲಕ್ಷ್ಮೀನರಸಪ್ಪನ ಬದಲು ಕದರಪ್ಪ ಬಂದು ನಿಂತ. ಅಣ್ಣನಿಗೆ ಚಳಿಜ್ವರ, ಮೇಲಾಗಿ ಅವನಿಗೆ ಮನಸ್ಸೂ ಇಲ್ಲ. ನಾನು ಬರುತ್ತೇನೆ ಎಂದ. ಹೊಸದಾಗಿ ಚೀಟಿ ಮಾಡಿಸಲು ಇನ್ನೊಂದು ವಾರ ಬೇಕು. ದೊಡ್ಡಬೀರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಎತ್ತರ ಅಣ್ಣನಷ್ಟೇ ಇತ್ತು. "ಇವತ್ತಿಂದ ನೀನೇ ಲಕ್ಷ್ಮೀನರಸಪ್ಪ ಕಣೋ" ಎಂದು ಬಸ್ಸು ಹತ್ತಿಸಿದ. ತಾಸೀಲ್ದಾರರು ಆ ಸಲ ದೊಡ್ಡಬೀರಪ್ಪನಿಗೆ ಶಾಲು ಹೊದಿಸಿದರು.

ಈಗ ಅವನಿಗೆ ಇನ್ನೊಂದು ಕೆಲಸವೂ ಇತ್ತು. ರಾಯದುರ್ಗದ ರೇಷ್ಮೆ ವ್ಯಾಪಾರಿಗಳೂ ವಕೀಲರೂ ಸೇರಿ ಸಿಪಾಯಿ ಮಕ್ಕಳ ಸಹಾಯ ಸಂಘ ಎಂದು ಒಂದನ್ನು ಕಟ್ಟಿದ್ದರು. ಯುದ್ಧಕ್ಕೆ ಹೋದವರ ಮತ್ತು ಅಲ್ಲಿ ಸತ್ತವರ ಮಕ್ಕಳನ್ನು ಬಳ್ಳಾರಿ, ಅನಂತಪುರ ಎರಡೂ ಜಿಲ್ಲೆಗಳಿಂದ ಕರೆತಂದು, ಊಟ ಬಟ್ಟೆ ಕೊಟ್ಟು ಓದಿಸುತ್ತಿದ್ದರು. ಗಂಡುಮಕ್ಕಳಿಗೆ ಕೋಟೆ ಗುಡ್ಡದ ಕೆಳಗೆ ಒಂದು ಮನೆ, ಹೆಣ್ಣುಮಕ್ಕಳಿಗೆ ಅದರ ಪಕ್ಕದಲ್ಲಿ ಇನ್ನೊಂದು. ಮಡಕಶಿರಾ ಸೀಮೆಯಲ್ಲಿ ಯಾವ ಮಗುವಿಗೆ ಸಹಾಯ ಸಲ್ಲಬೇಕೆಂದು ನೋಡಿ, ಅರ್ಜಿಗೆ ಸಹಿ ಹಾಕಿ ಕಳಿಸುವವನು ದೊಡ್ಡಬೀರಪ್ಪ. ಅವನ ಸಹಿಯ ಮೇಲೆ ಆಗಲೇ ನಾಲ್ಕು ಮಕ್ಕಳು ಹೋಗಿದ್ದರು.

ಕದರಪ್ಪನಿಗೆ ಒಬ್ಬಳೇ ಮಗಳು, ತಿಪ್ಪಮ್ಮ. ಒಂಬತ್ತು ವರ್ಷ. ಊರಿನ ಶಾಲೆ ಮೂರನೆಯ ಕ್ಲಾಸಿಗೆ ನಿಲ್ಲುತ್ತಿತ್ತು. ಅವಳು ಅದನ್ನು ಮುಗಿಸಿ, ಕಡಲೆಕಾಯಿ ಬಿಡಿಸಲು ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದಳು.

ತಿಥಿ ಕಳೆದ ಮೇಲೆ ದೊಡ್ಡಬೀರಪ್ಪ ತಿಪ್ಪಮ್ಮನಿಗಾಗಿ ಸಂಘದ ಅರ್ಜಿ ಹಿಡಿದು ಆ ಮನೆಗೆ ಹೋದ. ಕರಣಂನನ್ನೂ ಕರೆಸಿದ. ಲಕ್ಷ್ಮೀನರಸಪ್ಪ ಚಾಪೆ ಹಾಸಿದ. ಕದರಪ್ಪನ ಹೆಂಡತಿ ಚಿತ್ತಮ್ಮ ಒಳಬಾಗಿಲ ಹಿಂದೆ ನಿಂತಿದ್ದಳು. ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

ಅರ್ಜಿಯನ್ನು ನೋಡಿದ ಕರಣಂ ದಾರಿ ಹೇಳಿದ. "ಇದ್ರಾಗೇನೈತೆ ಹವಾಲ್ದಾರಪ್ಪ. ದಂಡಿನ ಕಾಗ್ದದಾಗೆ ಸತ್ತೋನು ಲಕ್ಷ್ಮೀನರಸಪ್ಪ. ಹುಡ್ಗೀನ ಲಕ್ಷ್ಮೀನರಸಪ್ಪನ ಮಗಳು ಅಂತ ಬರ್ಯಾನ. ಕಾಗ್ದಕ್ಕೆ ಕಾಗ್ದ ಕೂಡ್ತದೆ. ಯಾರ್ ಕೇಳ್ತಾರೆ?"

"ಹೊಲದ ಪಟ್ಟಾ ನನ್ನ ಹೆಸರಾಗೈತಲ್ಲ. ಸತ್ತೋನು ಹೊಲ ಉಳೋದೆಂಗೆ?" ಎಂದ ಲಕ್ಷ್ಮೀನರಸಪ್ಪ.

"ಅದು ಇನ್ನೊಬ್ಬ ಲಕ್ಷ್ಮೀನರಸಪ್ಪ ಅಂತೀನಿ. ಈ ಹೆಸ್ರು ಮನೆಗೊಂದೈತೆ."

ಲಕ್ಷ್ಮೀನರಸಪ್ಪ ಚಾಪೆಯ ಅಂಚನ್ನು ನೇರ ಮಾಡಿದ. "ಮಗೀಗೆ ಒಳ್ಳೇದಾಗಾದಾದ್ರೆ ಬರ್ಕಳಿ. ನನ್ ಬದ್ಲು ಓಗಿ ಸತ್ತವ್ನೆ. ಕಾಗ್ದದಾಗೆ ಸಾಯೋಕೆ ನನಗೇನು" ಎಂದ.

ದೊಡ್ಡಬೀರಪ್ಪ ಪೆನ್ನು ತೆಗೆದ. ಮನಸ್ಸಿನಲ್ಲಿ ಭಾರ ಇಳಿದಂತಾಗಿದ್ದನ್ನು ಅವನು ಗಮನಿಸಿದ. ಹೀಗೆ ಬರೆದರೆ ಅವನ ತಪ್ಪು ಯಾರಿಗೂ ಕಾಣಿಸದೆ ಮುಚ್ಚಿಹೋಗುತ್ತಿತ್ತು.

ಆಗ ಚಿತ್ತಮ್ಮ ಬಾಗಿಲ ಹಿಂದಿನಿಂದ ಕೇಳಿದಳು. "ಮಗ್ಳು ಭಾವನೋಳು ಅಂತ ಬರುದ್ರೆ, ನಾನ್ಯಾರು ಅಂತ ಬರೀತೀರ?"

ಕರಣಂ ಅರ್ಜಿಯನ್ನು ತಿರುಗಿಸಿ ನೋಡಿದ.

"ಅವ್ರು ಬೇರೆಯೋರ ಹೆಸರಾಗೆ ಹೋದ್ರು. ಬೇರೆಯೋರ ಹೆಸರಾಗೆ ಸತ್ರು. ಇರಾದು ಒಂದು ಮಗು. ಅದನ್ನೂ ಬೇರೆಯೋರ ಹೆಸರಿಗೆ ಬರೀಬ್ಯಾಡ್ರಿ. ಓದು ಇಲ್ದಿದ್ರೆ ಬ್ಯಾಡ, ಕೂಲಿ ಮಾಡ್ಕಂಡು ಬದುಕ್ತೀವಿ."

ಕರಣಂ ಏನೋ ಸಮಾಧಾನ ಹೇಳಲು ಹೋದ. ಸೀರೆಯ ಅಂಚು ಕಾಣಿಸದಾಯಿತು. ಅವಳು ಒಳಗೆ ಹೋಗಿದ್ದಳು. ದೊಡ್ಡಬೀರಪ್ಪ ಪೆನ್ನಿನ ಮುಚ್ಚಳ ಹಾಕಿದ.

ಅವನು ಹದಿನೈದು ದಿನ ಏನೂ ಮಾಡಲಿಲ್ಲ. ನಿಜ ಬರೆದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಹಾಕಿಕೊಂಡ ಹಳೆಯ ಪದಕ, ತಾಸೀಲ್ದಾರ ಕಚೇರಿಯಲ್ಲಿ ಕೊಡುವ ಕುರ್ಚಿ, ಸಂತೆಯಲ್ಲಿ ಜನ ಬಿಡುವ ದಾರಿ, ಇವಿಷ್ಟೇ ಈ ವಯಸ್ಸಿನಲ್ಲಿ ಅವನಿಗಿದ್ದ ಬದುಕು. ಬರೆಯದಿದ್ದರೆ ಕೇಳುವವರೂ ಇರಲಿಲ್ಲ. ಆ ಹೆಂಗಸು ಬಂದು ಬೇಡುವವಳಲ್ಲ. ಅದೇ ಅವನನ್ನು ಕಾಡಿತು. ಬಂದು ಅತ್ತಿದ್ದರೆ ಬೈದು ಕಳಿಸಬಹುದಿತ್ತು.

ಶ್ರಾವಣದ ಕೊನೆಗೆ ಅವನು ಒಂದು ಅರ್ಜಿ ಬರೆದ. ಹುಡುಗಿಯ ತಂದೆ ಕದರಪ್ಪ ಎಂದೂ, ದಂಡಿನ ದಫ್ತರದಲ್ಲಿ ಲಕ್ಷ್ಮೀನರಸಪ್ಪ ಎಂದು ಇರುವವನು ಇವನೇ ಎಂದೂ ಬರೆದು ಸಹಿ ಹಾಕಿದ. ಹೇಗೆ, ಯಾರಿಂದ ಎಂಬುದನ್ನು ಮಾತ್ರ ಬರೆಯಲು ಕೈ ಬರಲಿಲ್ಲ. ಸಂಘದವರು ತಾಯಿ ಮಗಳನ್ನು ಕರೆದುಕೊಂಡು ಬರಲು ಬರೆದರು.

ಮೂವರೂ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಹಿಂದೂಪುರಕ್ಕೆ ಬಂದರು. ಏರು ಬಂದಲ್ಲೆಲ್ಲ ಅದಕ್ಕೆ ಎಳೆಯಲಾಗದೆ ಇಳಿದು ನಡೆಯಬೇಕಾಯಿತು. ಅಲ್ಲಿಂದ ರೈಲು, ಗುಂತಕಲ್ಲಿನಲ್ಲಿ ಬದಲಾಯಿಸಿ, ಬಳ್ಳಾರಿಯಲ್ಲಿ ಮತ್ತೆ ಬದಲಾಯಿಸಿ, ರಾಯದುರ್ಗ ಸೇರುವಾಗ ಮಾರನೆಯ ಮಧ್ಯಾಹ್ನ. ಚಿತ್ತಮ್ಮ ಊರಿನಿಂದ ತಂದ ರಾಗಿರೊಟ್ಟಿಯನ್ನು ಮೂರು ಪಾಲು ಮಾಡಿ, ದೊಡ್ಡದನ್ನು ಅವನ ಮುಂದಿಟ್ಟಳು. ದಾರಿಯುದ್ದಕ್ಕೂ ಅವಳು ಅವನ ಜೊತೆ ಆಡಿದ ಮಾತು ನಾಲ್ಕೋ ಐದೋ.

ಸಂಘದ ಕಾರ್ಯದರ್ಶಿ ಸಂಜೀವಪ್ಪ ನಿವೃತ್ತ ಹೆಡ್‌ಮಾಸ್ತರರು. ಅವರ ಜೊತೆ ಇನ್ನಿಬ್ಬರು ಕುರ್ಚಿಯ ಮೇಲೆ ಕುಳಿತಿದ್ದರು. ಹೆಣ್ಣುಮಕ್ಕಳ ಮನೆ ನೋಡಿಕೊಳ್ಳುವ ಲಕ್ಷ್ಮಕ್ಕ ಬಾಗಿಲ ಬಳಿ ನಿಂತಿದ್ದಳು. ಸಂಜೀವಪ್ಪನವರು ಅರ್ಜಿಯನ್ನು ಪೂರ್ತಿ ಓದಿ ಕೆಳಗಿಟ್ಟರು.

"ಇದರಾಗ ಎರಡು ಹೆಸರು ಅದಾವ. ಹುಡುಗಿ ತಂದಿ ಹೆಸರೇನ್ರಿ?"

ದೊಡ್ಡಬೀರಪ್ಪ ಬಾಯಿ ತೆರೆದ. ಅವರು ಕೈ ತೋರಿಸಿ ತಡೆದರು. "ನೀವು ಬ್ಯಾಡ್ರಿ. ತಾಯಿ ಹೇಳಲಿ."

"ಗಂಡನ ಹೆಸರು ಹೆಣ್ಮಕ್ಕಳು ಬಾಯಿಬಿಟ್ಟು ಹೆಂಗ ಹೇಳ್ತಾರ್ರಿ, ಯಜಮಾನ್ರೆ? ಹುಡುಗಿನ್ನ ಕೇಳ್ರಿ" ಎಂದಳು ಲಕ್ಷ್ಮಕ್ಕ.

"ಹುಡುಗಿಗೆ ಕಲಿಸಿ ಕರಕೊಂಡು ಬಂದಿರಬಹುದು. ತಪ್ಪು ತಿಳೀಬ್ಯಾಡವಾ. ನನಗ ನಿನ್ನ ಬಾಯಿಂದನ ಕೇಳಬೇಕಾಗೈತಿ."

ಚಿತ್ತಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ನೆಲ ನೋಡುತ್ತ ನಿಂತಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಆ ಹೆಸರನ್ನು ಒಮ್ಮೆಯೂ ಉಚ್ಚರಿಸಿರಲಿಕ್ಕಿಲ್ಲ ಎಂದು ದೊಡ್ಡಬೀರಪ್ಪನಿಗೆ ಅನ್ನಿಸಿತು. ಅವನ ಹೆಂಡತಿಯೂ ಅವನ ಹೆಸರನ್ನು ಹೇಳದೆಯೇ ತೀರಿಕೊಂಡಿದ್ದಳು.

"ಕದರಪ್ಪ" ಎಂದಳು. ದನಿ ಸೆರಗಿನಾಚೆ ಬರಲಿಲ್ಲ.

"ಕೇಳಲಿಲ್ಲವ್ವಾ" ಎಂದರು ಸಂಜೀವಪ್ಪನವರು.

ಅವಳು ತಲೆ ಎತ್ತಿದಳು. "ಕದರಪ್ಪ. ದಂಡಿಗೆ ಹೋದೋರು ಅವ್ರೇ. ಇವಳು ಅವ್ರ ಮಗಳು."

ತಿಪ್ಪಮ್ಮ ಅವ್ವನನ್ನೇ ನೋಡುತ್ತಿದ್ದಳು.

ಸಂಜೀವಪ್ಪನವರು ದೊಡ್ಡಬೀರಪ್ಪನ ಕಡೆ ತಿರುಗಿದರು. "ಹಂಗಾದ್ರ ಇನ್ನೊಂದು ಹೆಸರು ಯಾರು ಬರೆಸಿದ್ದು?"

ಆ ಹೆಂಗಸು ಅಷ್ಟು ಹೇಳಿದ ಮೇಲೆ ಅವನಿಗೆ ಸುಳ್ಳು ಹುಡುಕುವ ತ್ರಾಣ ಇರಲಿಲ್ಲ. "ನಾನು ಸ್ವಾಮಿ" ಎಂದ. ಹನ್ನೆರಡು ಆಳಿನ ಮಾತು, ಅಣ್ಣನ ಜ್ವರ, ಡಾಕ್ಟರ ಚೀಟಿ, ಎಲ್ಲ ಹೇಳಿದ. ಶಾಲಿನ ವಿಷಯವನ್ನೂ ಬಿಡಲಿಲ್ಲ. ಹೇಳುವಾಗ ಪರೇಡಿನಲ್ಲಿ ನಿಂತಂತೆ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟಿದ್ದ.

ಕುಳಿತ ಮೂವರೂ ತಮ್ಮೊಳಗೆ ಮೆಲ್ಲಗೆ ಮಾತಾಡಿಕೊಂಡರು. ಒಬ್ಬರು, ದಫ್ತರ ಸರಿಯಾಗುವವರೆಗೆ ಮಗುವನ್ನು ಸೇರಿಸಿಕೊಳ್ಳಲು ನಿಯಮ ಇಲ್ಲ ಎಂದರು. ಸಂಜೀವಪ್ಪನವರು ಕನ್ನಡಕ ಒರೆಸಿಕೊಂಡು, "ಸತ್ತಾನ ಅನ್ನೋದು ಖರೆ. ಹುಡುಗಿ ಇಲ್ಲಿ ನಿಂತೈತಿ, ಅದೂ ಖರೆ. ಉಳಿದದ್ದು ಕಾಗದ. ಬರಿಯೋಣ. ಅಲ್ಲೀತನಕ ಹುಡುಗಿ ಇಲ್ಲೇ ಇರಲಿ" ಎಂದರು. ಆಮೇಲೆ ಅದೇ ದನಿಯಲ್ಲಿ, "ಹವಾಲ್ದಾರ್ರೆ, ನಿಮ್ಮ ಸಹಿ ಇರೋ ಅರ್ಜಿ ಎಷ್ಟು ಅದಾವ?"

"ನಾಕು."

"ಅವನ್ನೆಲ್ಲ ಮತ್ತ ನೋಡಬೇಕಾಗತೈತಿ. ಇನ್ನ ಮುಂದ ನೀವು ನಮ್ಮ ಪರವಾಗಿ ಯಾರ ಮನಿಗೂ ಹೋಗೋದು ಬ್ಯಾಡ್ರಿ."

"ಸರಿ ಸ್ವಾಮಿ."

ಲಕ್ಷ್ಮಕ್ಕ ತಿಪ್ಪಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು. ಹುಡುಗಿ ಎರಡು ಸಲ ತಿರುಗಿ ನೋಡಿದಳು. ಚಿತ್ತಮ್ಮ ಬೀದಿಗೆ ಬಂದ ಮೇಲೆ ಒಂದು ಮನೆಯ ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಳು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು. ದೊಡ್ಡಬೀರಪ್ಪ ನಾಲ್ಕು ಮಾರು ದೂರದಲ್ಲಿ ಕಾದ.

ನಾಲ್ಕು ಅರ್ಜಿಗಳ ವಿಚಾರಣೆ ನಡೆಯಿತು. ನಾಲ್ಕೂ ಸರಿಯಿದ್ದವು. ಆದರೂ ಮನೆ ಮನೆಗೆ ಬೇರೆ ಜನ ಬಂದು ಕೇಳಿ ಹೋದದ್ದನ್ನು ಆ ತಾಯಂದಿರು ಸಹಿಸಲಿಲ್ಲ. ಅಗಳಿಯ ರಂಗಕ್ಕ ಎಂಬಾಕೆ ಸಂತೆಯಲ್ಲಿ ಎಲ್ಲರೆದುರಿಗೆ, ನಿಮ್ಮಿಂದ ನಮ್ಮ ಮಗನನ್ನೂ ಕಳ್ಳನ ಥರ ನೋಡಿದರು ಎಂದು ಅವನನ್ನು ಬೈದಳು. ಅವನು ನಿಂತು ಕೇಳಿಸಿಕೊಂಡ. ತಾಸೀಲ್ದಾರ ಕಚೇರಿಯಲ್ಲಿ ಅವನ ಹೇಳಿಕೆ ಬರೆಸಿಕೊಂಡು ಎಚ್ಚರಿಕೆ ಕೊಟ್ಟು ಬಿಟ್ಟರು. ಅಲ್ಲಿ ಅವನಿಗೆ ಕುರ್ಚಿ ಹಾಕುವುದು ನಿಂತಿತು.

ಲಕ್ಷ್ಮೀನರಸಪ್ಪನ ಹೆಬ್ಬೆಟ್ಟಿನ ಗುರುತು ತೆಗೆದು, ಸತ್ತವನು ದಂಡಿಗೆ ಸೇರುವಾಗ ಒತ್ತಿದ ಗುರುತಿನ ಜೊತೆ ಹೋಲಿಸಲು ದಫ್ತರಕ್ಕೆ ಕಳಿಸಿದರು. ಉತ್ತರ ಬಂದದ್ದು ಏಳು ತಿಂಗಳಿಗೆ, ಬೇಸಿಗೆ ಕಾಲಿಡುವಾಗ. ಎರಡೂ ಹೆಬ್ಬೆಟ್ಟು ಬೇರೆ ಬೇರೆ. ಸತ್ತವನು ಕದರಪ್ಪ ಉರುಫ್ ಲಕ್ಷ್ಮೀನರಸಪ್ಪ ಎಂದು ತಿದ್ದಲಾಗಿದೆ. ಅಸ್ಸಾಮಿನ ಕಡೆ ಗುಡ್ಡದ ರಸ್ತೆ ಕಡಿಯುವಾಗ ಮಣ್ಣು ಕುಸಿದು ಸತ್ತ ಎಂಬುದೂ ಅದರಲ್ಲೇ ಮೊದಲ ಸಲ ತಿಳಿಯಿತು.

ಕಾಗದದ ನಕಲು ಹಿಡಿದು ದೊಡ್ಡಬೀರಪ್ಪ ಊರಿಗೆ ಹೋದ. ಹೋಗಲು ಯಾರೂ ಹೇಳಿರಲಿಲ್ಲ. ಚಿತ್ತಮ್ಮ ಕಣದಲ್ಲಿ ಕೆಲಸ ಮಾಡುತ್ತಿದ್ದಳು. ಅವನು ಓದಿ ಹೇಳಿದ. ಮಣ್ಣು ಕುಸಿದ ಮಾತಿಗೆ ಅವಳು ಕಣ್ಣು ಮುಚ್ಚಿ ತೆರೆದಳು.

"ಉರುಫ್ ಅಂದ್ರೇನು?"

"ಹೆಸ್ರು ಎರಡು, ಆಳು ಒಬ್ಬನೇ ಅಂತ."

"ಯಾವುದು ಮೊದ್ಲು ಬರ್ದವ್ರೆ?"

"ಕದರಪ್ಪ."

ಅವಳು ಕಾಗದವನ್ನು ಕೇಳಿ ಪಡೆದು, ಆ ಹೆಸರು ಯಾವುದೆಂದು ತೋರಿಸಿಕೊಂಡು, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನಿಗೆ ನೀರು ತಂದು ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ಅವನೂ ಕೇಳಲಿಲ್ಲ. ಹೊರಟಾಗ, "ಬ್ಯಾಸ್ಗೆ ರಜಕ್ಕೆ ಹುಡ್ಗಿ ಬತ್ತಾಳಂತೆ. ಭಾವನಿಗೆ ಹಿಂದೂಪುರದ ದಾರಿ ಗೊತ್ತಿಲ್ಲ. ನೀವು ಓಗಿ ಕರ್ಕಂಡ್ ಬತ್ತೀರ?" ಎಂದಳು.

ಹೋದ. ಬೇರೆ ಮಕ್ಕಳ ಜೊತೆ ರೈಲಿನಿಂದ ಇಳಿದ ತಿಪ್ಪಮ್ಮ ಒಂದು ಗೇಣು ಬೆಳೆದಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿತ್ತು. ಊಟ ಆಯಿತೇ ಎಂದು ಕೇಳಿದರೆ "ಹೌದ್ರಿ" ಎಂದಳು. ಬಸ್ಸು ಹಿಂದೂಪುರ ದಾಟಿದ ಮೇಲೆ ಅವಳು ಕೇಳಿದಳು.

"ನಮ್ಮಪ್ಪನ್ನ ಬಸ್ಸು ಹತ್ತಿಸಿದ್ದು ನೀವೇನ್ರಿ?"

"ನಾನೇ. ಹಿಂದೂಪುರದ ತಂಕ ನಾನೂ ಜೊತೆಗೆ ಹೋಗಿದ್ದೆ."

"ಹೋಗುವಾಗ ಏನು ಮಾಡ್ತಿದ್ರು?"

ಅವನು ಸಂಘದವರಿಗೂ ಕಚೇರಿಯವರಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದ. "ಇದೇ ದಾರಿಯಾಗೆ ನಾನು ಅವನಿಗೆ ಪಾಠ ಮಾಡ್ತಿದ್ದೆ. 'ಲಕ್ಷ್ಮೀನರಸಪ್ಪ' ಅಂತ ಕೂಗ್ತಿದ್ದೆ, ಅವನು 'ಹಾಜರ್' ಅನ್ಬೇಕು. ನಾನು ಕೂಗಿದಾಗ್ಲೆಲ್ಲ ಹಿಂದಕ್ಕೆ ತಿರುಗಿ ನೋಡೋನು, ಅಣ್ಣ ಬಂದವ್ನೆ ಅಂತ. ಬಸ್ಸಿನಾಗಿದ್ದೋರೆಲ್ಲ ನಗೋರು. ಅವನೂ ನಗೋನು."

"ಎಷ್ಟು ಸಲಕ್ಕ ಕಲಿತ್ರು?"

"ಅರ್ಧ ದಾರಿ ಹಿಡೀತು."

ತಿಪ್ಪಮ್ಮ ಅದನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಿದವಳಂತೆ ಸ್ವಲ್ಪ ನಕ್ಕಳು. ಮುಂದೆ ಏರು ಬಂತು. ಡ್ರೈವರು ಎಲ್ಲರನ್ನೂ ಇಳಿಯಲು ಹೇಳಿದ. ಅವಳು ತನ್ನ ಗಂಟನ್ನು ತಾನೇ ಹೊತ್ತುಕೊಂಡು, ಬಸ್ಸಿನ ಹಿಂದೆ ಅವನ ಪಕ್ಕದಲ್ಲಿ ನಡೆದಳು.