ಎಡಚಿ ಗಂಟು

“ಮೂತಿಗೆ ಬಟ್ಟೆ ಕಟ್ಕೊಂಡು ಯಾರನ್ನೇ ಹೆದರಿಸ್ತಾ ಇದೀಯ? ಮೊದ್ಲು ಅದನ್ನ ಬಿಚ್ಚು. ಆಮೇಲೆ ಆ ಗಂಟುಗಳನ್ನ ಬಿಚ್ಚು. ನಿಮ್ಮಪ್ಪನ ಗಂಟೇನು ಹೋಗುತ್ತೆ?”

ಆಸ್ಪತ್ರೆಯ ಮೇಲ್ವಿಚಾರಣೆಯ ಸಾಹೇಬರು ಇದನ್ನು ಹೇಳಿದ್ದು ಬಟ್ಟೆ ತೊಳೆಯುವ ಕೋಣೆಯ ಹೊಸ್ತಿಲ ಆಚೆ, ಹತ್ತು ಹೆಜ್ಜೆ ದೂರ ನಿಂತು. ಅವರ ಮೂತಿಯ ಮೇಲೆ ಒಂದಲ್ಲ, ಎರಡು ಮಾಸ್ಕ್ ಇದ್ದವು. ಹಾಗಾಗಿ ಬೈಗುಳವೂ ಜರಡಿ ಹಿಡಿದಂತೆ ಸೋಸಿಕೊಂಡು ಬರುತ್ತಿತ್ತು. ಅಕ್ಕ ಮುಖದ ಬಟ್ಟೆಯನ್ನು ಕುತ್ತಿಗೆಗೆ ಇಳಿಸಿ, ಮುಂದಿದ್ದ ಗಂಟಿಗೆ ಕೈ ಹಾಕಿದಳು.

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯಲ್ಲಿ ಎಲ್ಲರಿಗೂ ಅವಳು ಅಕ್ಕ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಬಾಯ್ಲರ್ ತಾತನಿಗೂ. ಮೇಲಿನ ವಾರ್ಡುಗಳಿಂದ ಬರುವ ಹಾಸು ಹೊದಿಕೆಯ ಗಂಟುಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಹೇಲಿನದು ಬೇರೆ, ಬರೀ ಬೆವರಿನದು ಬೇರೆ ಎಂದು ವಿಂಗಡಿಸುವುದು ಅವಳ ಕೆಲಸ. ಹದಿನಾರು ವರ್ಷದಿಂದ ಊರಿನವರ ಒಳಗುಟ್ಟೆಲ್ಲ ಅವಳ ಕೈಮೇಲೆಯೇ ಹಾದುಹೋಗಿತ್ತು. ಯಾವ ದೊಡ್ಡ ಮನುಷ್ಯನೂ ಬೇರೆ ಬಣ್ಣದಲ್ಲಿ ಹೇತದ್ದನ್ನು ಅವಳು ಕಂಡಿರಲಿಲ್ಲ.

ಹೊಸ ಜ್ವರ ಊರಿಗೆ ಬಂದು ಮೂರು ವಾರವಾಗಿತ್ತು. ಮೊದಲ ವಾರ ನಾಲ್ಕನೇ ಮಹಡಿಯ ಜ್ವರದ ವಾರ್ಡಿನ ಬಟ್ಟೆ ಕೆಂಪು ಚೀಲದಲ್ಲಿ ಬಂತು. ಅದನ್ನು ನೋಡಿದ ಮೂವರು ಮಾರನೆಯ ದಿನ ಕೆಲಸಕ್ಕೇ ಬರಲಿಲ್ಲ. ಅಲ್ಲಿಂದಾಚೆಗೆ ಕೆಂಪು ಚೀಲ ನಿಂತಿತು. ಜ್ವರದವರ ಬಟ್ಟೆಯನ್ನೆಲ್ಲ ಹೊರಗೆ ಸುಟ್ಟುಹಾಕುತ್ತಿದ್ದೇವೆ, ನಿಮಗೆ ಕಳಿಸುವುದು ಬರೀ ಬಾಣಂತಿಯರದು, ಮೂಳೆ ಮುರಿದವರದು ಎಂದು ಸಾಹೇಬರು ಹೇಳಿಕಳಿಸಿದರು. ಉಳಿದವರು ನಂಬಿದರು. ನಂಬದೆ ಗತಿಯೂ ಇರಲಿಲ್ಲ.

ನಂಬದವಳು ಅಕ್ಕ ಒಬ್ಬಳೇ. ಅವಳ ತಂಗಿ ಜ್ವರದ ವಾರ್ಡಿನಲ್ಲಿ ಆಯಾ.

ಇಬ್ಬರಿಗೂ ಗಂಟು ಹಾಕಲು ಕಲಿಸಿದ್ದು ಅಮ್ಮ. ಅಮ್ಮ ಕಂಡವರ ಮನೆಯ ಬಟ್ಟೆ ಒಗೆದೇ ಇವರನ್ನು ಸಾಕಿದವಳು. ನಾಲ್ಕು ಮೂಲೆ ಕೂಡಿಸಿ, ಎರಡು ಸುತ್ತು ಸುತ್ತಿ, ತುದಿಯನ್ನು ಅಡಿಗೆ ತೂರಿಸಿ, ಒಂದು ಕಿವಿ ಹೊರಗೆ ಬಿಡಬೇಕು. ಕಿವಿ ಹಿಡಿದು ಎಳೆದರೆ ಎಂಥ ಗಂಟೂ ಬಿಚ್ಚಿಕೊಳ್ಳುತ್ತದೆ. ತಂಗಿ ಎಡಚಿ. ಅಮ್ಮ ಕೈಗೆ ಬಾರಿಸಿ ಬಾರಿಸಿ ಸೋತಳೇ ಹೊರತು ತಂಗಿಯ ಗಂಟಿನ ಕಿವಿ ಎಡಕ್ಕೆ ಬರುವುದು ತಪ್ಪಲಿಲ್ಲ. ಅದನ್ನು ಬಿಚ್ಚುವಾಗಲೆಲ್ಲ ಬಲಕ್ಕೆ ತಡಕಾಡಿ, ತಂಗಿಯನ್ನು ಬೈದುಕೊಂಡೇ ಅಕ್ಕ ಬೆಳೆದಿದ್ದಳು.

ಈಗ ಜ್ವರದ ವಾರ್ಡಿನ ಆಯಾಗಳನ್ನು ಮನೆಗೆ ಬಿಡುತ್ತಿರಲಿಲ್ಲ. ಅವರ ಫೋನುಗಳನ್ನೂ ಕಿತ್ತಿಟ್ಟುಕೊಂಡಿದ್ದರು. ಹಾಗಿದ್ದೂ ದಿನಾ ಬೆಳಿಗ್ಗೆ ‘ಬಾಣಂತಿಯರ’ ಗಂಟುಗಳ ನಡುವೆ ಎಡಗಿವಿಯ ನಾಲ್ಕೈದು ಗಂಟು ಬರುತ್ತಿದ್ದವು. ತಂಗಿ ಎದ್ದು ನಿಂತಿದ್ದಾಳೆ, ಅವಳ ಕೈ ಆಡುತ್ತಿದೆ ಎಂಬುದಕ್ಕೆ ಅಕ್ಕನಿಗೆ ಅಷ್ಟು ಸಾಕಾಗಿತ್ತು. ಅವನ್ನು ಬೇರೆಯವರ ಕೈಗೆ ಕೊಡದೆ ತಾನೇ ಬಿಚ್ಚುತ್ತಿದ್ದಳು. ಹೇಳಿಬಿಟ್ಟರೆ ಎಲ್ಲರೂ ಕೆಲಸ ಬಿಟ್ಟು ಏಳುತ್ತಾರೆ, ಗಂಟು ಇನ್ನೆಲ್ಲಿಗೋ ಹೋಗುತ್ತದೆ, ಇದ್ದೊಂದು ಸುದ್ದಿಯೂ ನಿಲ್ಲುತ್ತದೆ. ಮಾಡುತ್ತಿರುವುದು ತಪ್ಪೆಂದು ಗೊತ್ತಿದ್ದೂ ಅವಳು ಬಾಯಿ ಹೊಲಿದುಕೊಂಡಿದ್ದಳು.

ಆ ಸೋಮವಾರವೂ ಸಾಹೇಬರು ಬೈದು ಹೋದ ಮೇಲೆ ಅವಳು ಬಿಚ್ಚಿದ ಗಂಟಿನ ಕಿವಿ ಎಡಕ್ಕೇ ಇತ್ತು.

ಮಧ್ಯಾಹ್ನ ಬಕೆಟ್ ಬೋರಲು ಹಾಕಿಕೊಂಡು ಊಟಕ್ಕೆ ಕೂತಾಗ ಜ್ವರದ್ದೇ ಮಾತು. ಎಂಥ ಕ್ರಿಮಿಯಾದರೂ ತನ್ನ ಬಾಯ್ಲರಿನ ನೀರಿಗೆ ಬಿದ್ದರೆ ಬೆಂದು ಹೋಗುತ್ತದೆ ಎಂದು ತಾತ ಕೆಮ್ಮುತ್ತಲೇ ಆಣೆ ಮಾಡಿದ. ಅವನು ಬಾಯ್ಲರ್ ಹೊಸದಿದ್ದಾಗಿನಿಂದಲೂ ಕೆಮ್ಮುತ್ತಿದ್ದರಿಂದ ಯಾರೂ ದೂರ ಸರಿಯಲಿಲ್ಲ. ವಿಮಾನದಲ್ಲಿ ಓಡಾಡುವವರ ಕಾಯಿಲೆ ಇದು, ನಾವು ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟು ಕಂಡವರಲ್ಲ, ನಮ್ಮನ್ನು ಅದು ಮೂಸಿಯೂ ನೋಡುವುದಿಲ್ಲ ಎಂದಳು ಇಸ್ತ್ರಿಯವಳು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವಳು ಅಕ್ಕನ ಹತ್ತಿರ ಸರಿದು ಕೂತಳು.

“ಅಕ್ಕಾ, ನಿಜ ಹೇಳು. ಇದ್ರಲ್ಲಿ ಜ್ವರದೋರ ಬಟ್ಟೆ ಇಲ್ಲ ತಾನೆ? ನನಗೆ ಮನೇಲಿ ಹಾಲು ಕುಡಿಯೋ ಕೂಸಿದೆ.”

“ಇಲ್ಲ ಕಣೇ,” ಎಂದಳು ಅಕ್ಕ. ಬಾಯಿಗಿಟ್ಟ ತುತ್ತು ಸಲೀಸಾಗಿ ಇಳಿಯಿತು. ಅದು ಅವಳಿಗೇ ಆಶ್ಚರ್ಯವಾಯಿತು.

ಮಂಗಳವಾರ ಎಡಗಿವಿಯ ಗಂಟು ಬರಲಿಲ್ಲ. ಬುಧವಾರವೂ ಇಲ್ಲ. ಬಂದವೆಲ್ಲ ಯಾರೋ ಗಾಬರಿಯಲ್ಲಿ ಬಿಗಿದ ಕಗ್ಗಂಟುಗಳು. ಅವನ್ನು ಬಿಡಿಸುವಷ್ಟರಲ್ಲಿ ಅಕ್ಕನ ಉಗುರು ಕಿತ್ತುಬಂತು, ನೋವು ಮಾತ್ರ ಗೊತ್ತಾಗಲಿಲ್ಲ.

ಗುರುವಾರ ಅವಳು ಸಾಹೇಬರ ಕೋಣೆಗೆ ಹೋದಳು. ಬಾಗಿಲು ಕಾಯುವವನು ಅವಳ ಕೈಗೆ, ಕಾಲಿಗೆ, ಕೊನೆಗೆ ತಲೆಗೂ ಔಷಧಿ ನೀರು ಸಿಂಪಡಿಸಿ, ಗಾಜಿನ ಬಾಗಿಲಾಚೆಯೇ ನಿಲ್ಲಿಸಿದ. ತಂಗಿಯ ವಿಷಯ ಕೇಳಿದಳು. ಸಾಹೇಬರು ಯಾವುದೋ ಹಾಳೆ ತಿರುವಿ, ಮೂರು ದಿನದ ಹಿಂದೆಯೇ ರಜೆ ಹಾಕಿ ಮನೆಗೆ ಹೋಗಿದ್ದಾಳೆ ಎಂದರು.

“ಮನೆಗೆ ಬಂದಿಲ್ಲ ಸಾಹೇಬ್ರೆ. ನಾವಿಬ್ರೂ ಇರೋದು ಒಂದೇ ಕೋಣೇಲಿ.”

“ಹಂಗಾದ್ರೆ ಯಾವನ ಹಿಂದೆ ಹೋದ್ಲೋ ವಿಚಾರಿಸು. ಬೇವರ್ಸಿ ಮುಂಡೇವು, ನಿಮ್ಮನ್ನೆಲ್ಲ ಕಾಯ್ತಾ ಕೂತ್ಕೋಬೇಕಾ ನಾನು?”

ತಂಗಿ ವಾರ್ಡಿನಲ್ಲೇ ಇದ್ದಾಳೆ ಎನ್ನಲು ಅಕ್ಕ ಬಾಯಿ ತೆರೆದಳು. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರೆ ಗಂಟಿನ ಮಾತು ಹೊರಗೆ ಬರಬೇಕಿತ್ತು. ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು. ಅವಳು ನಿಂತಿದ್ದ ಜಾಗವನ್ನು ಹಿಂದೆಯೇ ಯಾರೋ ಒರೆಸತೊಡಗಿದರು.

ಶುಕ್ರವಾರದ ಮೂರನೇ ಗಂಟಿನಲ್ಲಿ ಹಾಸುಗಳ ನಡುವೆ ನೀಲಿ ಅಂಗಿಯೊಂದು ಬಂತು, ಆಯಾಗಳು ಮೇಲೆ ತೊಡುವ ಅಂಗಿ. ಕತ್ತಿನಿಂದ ಕೆಳಗಿನ ಅಂಚಿನವರೆಗೂ ಅದನ್ನು ಕತ್ತರಿಯಿಂದ ಸೀಳಿದ್ದರು. ಸೊಂಟದ ಲಾಡಿ ಮಾತ್ರ ಕಟ್ಟಿದ ಹಾಗೇ ಇತ್ತು. ಎರಡು ಸುತ್ತು, ಅಡಿಗೆ ತೂರಿಸಿದ ತುದಿ, ಎಡಕ್ಕೆ ಒಂದು ಕಿವಿ.

ಅಕ್ಕ ಆ ಕಿವಿಯನ್ನು ಎಳೆಯದೆ ಹಾಗೇ ಹಿಡಿದುಕೊಂಡಳು. ತಾತ ಪಕ್ಕಕ್ಕೆ ಬಂದು ನೋಡಿದ.

“ಯಾಕೆ ಹಿಂಗೆ ಸೀಳ್ತಾರೆ ತಾತ?”

“ತಾವೇ ಎದ್ದು ಬಿಚ್ಚೋಕೆ ಆಗದೇ ಇರೋರದನ್ನ ಹಂಗೆ ಸೀಳ್ತಾರಕ್ಕ,” ಎಂದ ತಾತ. ಆಮೇಲೆ ಅವನಿಗೂ ಅರ್ಥವಾಯಿತು.

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದಂತೆ ಎದೆಯೊಳಗೆಲ್ಲ ಜೋಮು ಹಿಡಿದಿತ್ತು. ಆ ಜೋಮಿನಲ್ಲೇ ಅವಳು ಎಲ್ಲರ ಕಡೆ ತಿರುಗಿದಳು.

“ಇದು ಜ್ವರದ ವಾರ್ಡಿಂದು. ಎರಡು ವಾರದಿಂದ ಬರ್ತಾ ಇರೋದು ಅದೇ. ನನಗೆ ಗೊತ್ತಿತ್ತು.”

ಇಸ್ತ್ರಿಯವಳು ಬೈಯಲಿ ಎಂದು ಅಕ್ಕ ಕಾದಳು. ಇಸ್ತ್ರಿಯವಳು ಬೈಯಲಿಲ್ಲ. ತನ್ನ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಳು. ತಾತ ಹೋಗಿ ಬಾಯ್ಲರ್ ಆರಿಸಿದ. ಹದಿನಾರು ವರ್ಷದಲ್ಲಿ ಹಗಲು ಹೊತ್ತು ಆ ಸದ್ದು ನಿಂತದ್ದನ್ನು ಅಕ್ಕ ಕೇಳಿರಲಿಲ್ಲ.

ಅವಳು ಅಂಗಿಯನ್ನು ಮಡಿಸಿ ಹಾಸಿನ ನಡುವೆ ಇಟ್ಟಳು. ನಾಲ್ಕು ಮೂಲೆ ಕೂಡಿಸಿ, ಎಡಗೈ ಮುಂದೆ ಮಾಡಿ ಸುತ್ತಿದಳು. ಎಡಗೈ ಒಗ್ಗದೆ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕಿವಿ ಎಡಕ್ಕೆ ಬಂತು.

ಸಾಹೇಬರ ಬಾಗಿಲು ಕಾಯುವವನು ಅವಳ ತಲೆಯ ಮೇಲಿನ ಗಂಟು ನೋಡಿ ಔಷಧಿ ಡಬ್ಬ ಬಿಟ್ಟು ಪಕ್ಕಕ್ಕೆ ಹಾರಿದ. ಅಕ್ಕ ಗಾಜಿನ ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋಗಿ, ಸಾಹೇಬರ ಮೇಜಿನ ಮೇಲೆ, ಅವರ ಕಾಗದ ಕನ್ನಡಕಗಳ ಮೇಲೆಯೇ ಅದನ್ನು ಇಳಿಸಿದಳು. ಸಾಹೇಬರು ಕುರ್ಚಿಯ ಸಮೇತ ಗೋಡೆಗೆ ಅಂಟಿಕೊಂಡರು.

“ಏನೇ ಇದು? ತೆಗಿ, ತೆಗಿಯೇ ಮೊದ್ಲು.”

“ಬಾಣಂತಿಯರ ಬಟ್ಟೆ ಸಾಹೇಬ್ರೆ,” ಎಂದಳು ಅಕ್ಕ. ದನಿ ಏರಲಿಲ್ಲ. “ಎಡಗಡೆ ಕಿವಿ ಹಿಡಿದು ಎಳೀರಿ, ಬಿಚ್ಕೊಳ್ಳುತ್ತೆ. ನಿಮ್ಮಪ್ಪನ ಗಂಟೇನು ಹೋಗುತ್ತೆ?”

ಹೇಳಿ, ಒಳಗಿನಿಂದಲೇ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.